ಕುದುರೆಮುಖದಲ್ಲಿ ಅದಿರು ಮುಗಿಯಿತೇ?

ಪ್ರಶ್ನೆ: ಕಳಸದಿಂದ ಕಾರ್ಕಳದ ಕಡೆ ಹೋಗುವಾಗ ಕುದುರೆಮುಖದಲ್ಲಿ ಖಾಲಿ ಕ್ವಾರ್ಟರ್ಸ್‌ಗಳು ಕಾಣುತ್ತವೆ. ಅದಿರು ಮುಗಿದು ಜನ ಊರು ಬಿಟ್ಟರೇ?

ಉತ್ತರ: ಅದಿರು ಇನ್ನೂ ಬೆಟ್ಟದಲ್ಲೇ ಇದೆ. ಮುಗಿದದ್ದು ಅಗೆಯುವ ಅನುಮತಿ.

ಇಲ್ಲಿ ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ಇರುವುದನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಅದರಲ್ಲಿ ಕಬ್ಬಿಣದ ಅಂಶ ಶೇ 38ರ ಆಸುಪಾಸು. ಬಳ್ಳಾರಿಯ ಅದಿರಿನಂತೆ ಅಗೆದು ಲಾರಿಗೆ ತುಂಬಿದರೆ ಕೊಳ್ಳುವವರಿಲ್ಲ. ಕಲ್ಲನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿ ಬೇರ್ಪಡಿಸಿ, ನೀರಿನೊಂದಿಗೆ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸಬೇಕು. ಅಷ್ಟು ದೊಡ್ಡ ಬಂಡವಾಳ ಕೊಡಲು ಒಪ್ಪಿದ್ದು ಇರಾನ್: 63 ಕೋಟಿ ಡಾಲರ್ ಸಾಲ, ಬದಲಿಗೆ 21 ವರ್ಷಗಳಲ್ಲಿ 15 ಕೋಟಿ ಟನ್ ಪುಡಿ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು, ಕಾಡಿನ ನಡುವೆ ಟೌನ್‌ಶಿಪ್ ಎದ್ದಿತು. 1979ರ ಕ್ರಾಂತಿಯ ನಂತರ ಇರಾನ್ ಕೈಬಿಟ್ಟಿತು. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಸ್ಥಾವರ ಸಿದ್ಧವಾಗುವ ಹೊತ್ತಿಗೆ ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು. ಆ ಪೆಟ್ಟನ್ನು ಊರು ತಡೆದುಕೊಂಡಿತು.

ತಡೆದುಕೊಳ್ಳಲಾಗದ್ದು ಹೂಳಿನ ಲೆಕ್ಕ. ಒಂದು ಟನ್ ಪುಡಿಗೆ ಮೂರು ಟನ್ ಅದಿರು ಅರೆಯಬೇಕು, ಉಳಿದ ಎರಡು ಟನ್ ಕಸರು, ಅದನ್ನು ತಡೆದಿಡಲು ಕಟ್ಟಿದ ಲಕ್ಯಾ ಅಣೆಕಟ್ಟಿಗೆ. ವರ್ಷಕ್ಕೆ ಸುಮಾರು 6000 ಮಿ.ಮೀ. ಮಳೆ ಬೀಳುವ ಜಾಗದಲ್ಲಿ ಬೆಟ್ಟದ ಹುಲ್ಲು ಕೆತ್ತಿದರೆ, ಅಣೆಕಟ್ಟು ಎಷ್ಟೇ ಗಟ್ಟಿಯಿದ್ದರೂ ಗಣಿಯ ಸಡಿಲ ಮಣ್ಣು ಭದ್ರೆಗೆ ಇಳಿಯದೆ ಇರದು. ಭದ್ರೆಯ ನೀರು ಕುಡಿಯುವ, ಗದ್ದೆಗೆ ಹಾಯಿಸುವ ನಮಗೆಲ್ಲ ಇದು ಮನೆಯ ವಿಷಯ.

1969ರಲ್ಲಿ ಸಿಕ್ಕಿದ್ದ 30 ವರ್ಷಗಳ ಗಣಿ ಗುತ್ತಿಗೆ 1999ಕ್ಕೆ ಮುಗಿಯಿತು. ಅಷ್ಟರಲ್ಲಿ, 1987ರಲ್ಲೇ, ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಅಧಿಸೂಚನೆ ಬಂದಿತ್ತು. ಈಗಾಗಲೇ ಅಗೆದ ಜಾಗದಲ್ಲಿ ಮೇಲ್ಪದರದ ಶಿಥಿಲ ಅದಿರನ್ನಷ್ಟೇ ತೆಗೆದು 2005ರ ಕೊನೆಗೆ ಮುಚ್ಚಬೇಕೆಂಬ ಅರಣ್ಯ ಸಲಹಾ ಸಮಿತಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ಒಪ್ಪಿತು. ಅಡಿಯ ಗಟ್ಟಿ ಅದಿರು ಹಾಗೇ ಉಳಿಯಿತು.

ಕಾಫಿ ತೋಟವಾಗಲಿ, ಸಂತೆಯಾಗಲಿ ಆ ಊರಿನ ಆಧಾರವಾಗಿರಲಿಲ್ಲ. ಎಲ್ಲರ ಅನ್ನವೂ ಒಂದೇ ಕಂಪನಿಯ ಸಂಬಳದಿಂದ ನಡೆಯುತ್ತಿತ್ತು; ಅದು ನಿಂತಾಗ ಶಾಲೆ, ಅಂಗಡಿ, ಆಸ್ಪತ್ರೆಗಳಿಗೆ ಜನವೇ ಇಲ್ಲವಾದರು. ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪಣಂಬೂರಿನ ಪೆಲೆಟ್ ಘಟಕ ಮಾತ್ರ ಹೊರಗಿನಿಂದ ಅದಿರು ತರಿಸಿಕೊಂಡು ಮುಂದುವರಿಯಿತು.