ಹಗ್ಗ ಸಡಿಲಾದರೆ ಪಕ್ಕದ ಕೈಗೆ ಗೊತ್ತಾಗುತ್ತದೆ

ಬೆಳಿಗ್ಗೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಅಡ್ಡಾಡುವವರು ಒಮ್ಮೆಯಾದರೂ ರಂಪಣಿ ಎಂಬ ದೊಡ್ಡ ಬಲೆ ಎಳೆಯುವುದನ್ನು ನೋಡಿರುತ್ತಾರೆ. ದೋಣಿ ಬಲೆ ಬಿಡುತ್ತಾ ಕಡಲಲ್ಲಿ ಅರ್ಧ ಸುತ್ತು ಹಾಕಿ ದಡಕ್ಕೆ ಮರಳುತ್ತದೆ. ಬಲೆಯ ಎರಡು ತುದಿಗೂ ಹಗ್ಗ, ಎರಡು ಹಗ್ಗಕ್ಕೂ ಎರಡು ಸಾಲು ಜನ. ಹಿಮ್ಮಡಿಯನ್ನು ಮರಳಿಗೆ ಒತ್ತಿ, ಮೈಯನ್ನು ಹಿಂದಕ್ಕೆ ವಾಲಿಸಿ ಎಳೆಯುತ್ತಾರೆ. ಎಳೆದಂತೆಲ್ಲ ಎರಡೂ ಸಾಲುಗಳು ಹತ್ತಿರ ಬರುತ್ತವೆ. ಬಾಂಗಡೆಯೋ ತಾರ್ಲೆಯೋ ಬಿದ್ದರೆ ಪಾಲು. ದಾರಿಹೋಕನೊಬ್ಬ ನಡುವೆ ಬಂದು ಕೈಜೋಡಿಸಿದರೂ ಅವನ ಕೈಗೆ ನಾಲ್ಕು ಮೀನು ಬೀಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

‘ನಾನು ಒಳ್ಳೆಯವನೇ? ನನ್ನ ಬದುಕಿಗೆ ಅರ್ಥವಿದೆಯೇ?’ ಎಂದು ನಾವೆಲ್ಲ ಒಬ್ಬೊಬ್ಬರೇ ಕುಳಿತು, ಮನಸ್ಸಿನೊಳಗೆ ಇಣುಕಿ ಕೇಳಿಕೊಳ್ಳುತ್ತೇವೆ. ಈ ಪ್ರಶ್ನೆಯ ಒಂದು ಮಗ್ಗುಲನ್ನು ವಿಜ್ಞಾನ ಹಗ್ಗ ಹಿಡಿದೇ ಕೇಳಿದೆ.

ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಕೃಷಿ ಎಂಜಿನಿಯರ್. 1880ರ ದಶಕದಲ್ಲಿ ಆತ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದ. ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆದಾಗಿನ ಬಲ ನೂರು ಎಂದಿಟ್ಟುಕೊಂಡರೆ, ಇಬ್ಬರಿದ್ದಾಗ ತಲಾ 93, ಮೂವರಿದ್ದಾಗ 85, ಎಂಟು ಮಂದಿ ಸೇರಿದಾಗ 49. ಗುಂಪು ದೊಡ್ಡದಾದಷ್ಟೂ ಪ್ರತಿಯೊಬ್ಬನ ಎಳೆತ ಕುಗ್ಗಿತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ, ಅದಕ್ಕೇ ಬಲ ಪೋಲಾಗುತ್ತದೆ ಎಂಬುದು ರಿಂಗಲ್‌ಮನ್ ಕಂಡ ಮುಖ್ಯ ಕಾರಣ.

1974ರಲ್ಲಿ ಅಮೆರಿಕದ ಅಲನ್ ಇಂಗಮ್ ಮತ್ತು ಸಂಗಡಿಗರು ಇದನ್ನೇ ಇನ್ನಷ್ಟು ಕೆದಕಿದರು. ಹಗ್ಗದ ಮುಂತುದಿಯಲ್ಲಿ ನಿಂತವನ ಕಣ್ಣಿಗೆ ಬಟ್ಟೆ ಕಟ್ಟಿದರು. ಹಿಂದೆ ನಿಂತವರು ಎಳೆಯುವ ನಟನೆಯಷ್ಟೇ ಮಾಡಿದರು. ಹಗ್ಗದ ಮೇಲಿದ್ದ ಬಲ ಅವನೊಬ್ಬನದೇ. ಆದರೂ, ಹಿಂದೆ ಜನರಿದ್ದಾರೆ ಎಂದು ನಂಬಿದಾಗ ಅವನ ಕೈ ಸಡಿಲಾಯಿತು. ಅವನು ಕೆಟ್ಟವನೇನಲ್ಲ. ತಾನು ಎಳೆದರೂ ಬಿಟ್ಟರೂ ವ್ಯತ್ಯಾಸವಾಗದು ಎಂದು ಮೈಯೇ ಲೆಕ್ಕ ಹಾಕಿಬಿಡುತ್ತದೆ, ಮನಸ್ಸಿಗೆ ಅದರ ಸುದ್ದಿಯೂ ಇರುವುದಿಲ್ಲ. ನನಗೆ ಈ ಪ್ರಯೋಗ ಮರೆಯಲಾಗದ್ದು. ನಮ್ಮ ಕಾಲದ ಬೇಸರಕ್ಕೆಲ್ಲ ಇದರಲ್ಲೊಂದು ಸುಳಿವಿದೆ ಅನಿಸುತ್ತದೆ.

ಎಂಟೇ ಜನಕ್ಕೆ ಬಲ ಅರ್ಧಕ್ಕಿಳಿಯುವುದಾದರೆ, ಹತ್ತಾರು ಮಂದಿಯ ರಂಪಣಿ ದಡ ಸೇರುವುದಾದರೂ ಹೇಗೆ?

ಮೊದಲನೆಯದು ಲಯ. ಒಬ್ಬ ಕೂಗು ಕೊಡುತ್ತಾನೆ, ಉಳಿದವರು ಓಗೊಟ್ಟು ಎಳೆಯುತ್ತಾರೆ. ರಿಂಗಲ್‌ಮನ್ ಕಂಡ ನಷ್ಟಕ್ಕೆ ನಮ್ಮ ಕರಾವಳಿ ಕೊಟ್ಟ ಉತ್ತರ ಆ ಕೂಗು. ಎರಡನೆಯದು ಗುರುತು. ಸಾಲಿನಲ್ಲಿರುವವರೆಲ್ಲ ಒಂದೇ ಕೇರಿಯವರು. ನಿಮ್ಮ ಕೈ ಸಡಿಲಾದರೆ ಪಕ್ಕದವನ ಅಂಗೈಗೆ ತಕ್ಷಣ ತಿಳಿಯುತ್ತದೆ. 1993ರಲ್ಲಿ ಇಂಥ 78 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡದ್ದೂ ಇದನ್ನೇ ಹೋಲುತ್ತದೆ: ಪ್ರತಿಯೊಬ್ಬನ ಪಾಲಿನ ಕೆಲಸ ಎದ್ದು ಕಾಣುವಲ್ಲಿ, ಮಾಡುವ ಕೆಲಸ ಮನಸ್ಸಿಗೆ ಮುಖ್ಯವೆನಿಸಿದಲ್ಲಿ, ಜೊತೆಗಾರರು ತನ್ನವರಾಗಿದ್ದಲ್ಲಿ ಮೈಗಳ್ಳತನ ಇಳಿಯುತ್ತದೆ.

ಜೊತೆಯಾಗಿ ಎಳೆಯುವುದರಿಂದ ಮೈಗೆ ಇನ್ನೊಂದು ಲಾಭವೂ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 12 ದೋಣಿ ಹುಟ್ಟುಗಾರರ ಮೇಲೆ ಎಮ್ಮಾ ಕೋಹೆನ್, ರಾಬಿನ್ ಡನ್ಬಾರ್ ಮತ್ತಿತರರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಯಂತ್ರದ ಮೇಲೆ ಒಬ್ಬೊಬ್ಬರೇ ಹುಟ್ಟು ಹಾಕಿದ ದಿನವೂ, ಎಲ್ಲರೂ ಒಂದೇ ಲಯದಲ್ಲಿ ಹಾಕಿದ ದಿನವೂ ನೋವು ತಾಳುವ ಶಕ್ತಿಯನ್ನು ಅಳೆದರು. ಅಳೆದದ್ದು ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ಬಿಗಿ ಮಾಡುತ್ತಾ ಹೋಗಿ. ಒಟ್ಟಿಗೆ ಹುಟ್ಟು ಹಾಕಿದ ದಿನ ಅವರು ಹೆಚ್ಚು ನೋವು ತಾಳಿದರು. ಪಟ್ಟ ಶ್ರಮ ಮಾತ್ರ ಎರಡೂ ದಿನ ಅಷ್ಟೇ. ಮಿದುಳು ತಾನೇ ತಯಾರಿಸುವ ಎಂಡಾರ್ಫಿನ್ ಎಂಬ ನೋವುನಿವಾರಕ ಇದರ ಹಿಂದಿರಬೇಕು ಎಂಬುದು ಅವರ ಊಹೆ. ಹನ್ನೆರಡೇ ಜನರ ಪುಟ್ಟ ಅಧ್ಯಯನ, ನಿಜ. ಆದರೆ ಗದ್ದೆಯಲ್ಲಿ ಸಾಲಾಗಿ ಬಾಗಿ ನೆಟ್ಟಿ ಮಾಡಿದವರಿಗೆ, ಶಿರಸಿ ಕಡೆ ಮುಯ್ಯಾಳಾಗಿ ಹೋಗಿ ರಾತ್ರಿಯೆಲ್ಲ ಅಡಿಕೆ ಸುಲಿದವರಿಗೆ ಇದು ಮೈಯಲ್ಲೇ ಗೊತ್ತಿರುವ ಸಂಗತಿ.

1970ರ ದಶಕದಲ್ಲಿ ಪರ್ಸೀನ್ ಎಂಬ ಸುತ್ತುಬಲೆಯ ದೋಣಿಗಳು ಬಂದವು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುವರಿದವು. ಹಲವು ಊರುಗಳಲ್ಲಿ ರಂಪಣಿ ನಿಂತಿತು. ಹೋದದ್ದು ಮೀನಿನ ಪಾಲಷ್ಟೇ ಎಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಹಗ್ಗವೂ ಹೋಯಿತು ಎಂದು ನಾನು ಹೇಳುತ್ತೇನೆ. ಈಗ ನಾವು ಒಳ್ಳೆಯದು ಮಾಡುವುದೂ ಹೆಚ್ಚಾಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ. ಮೊಬೈಲಿನಲ್ಲಿ ಬೆರಳೊತ್ತಿ ನೂರು ರೂಪಾಯಿ ಕಳಿಸುತ್ತೇವೆ, ಆ ಹಣ ಯಾರ ಕೈ ಸೇರಿತು, ಕಳಿಸದಿದ್ದರೆ ಯಾರಿಗೆ ಭಾರವಾಗುತ್ತಿತ್ತು ಎಂಬುದು ತಿಳಿಯುವುದಿಲ್ಲ. ಕಳಿಸುವುದು ತಪ್ಪಲ್ಲ, ಕಳಿಸಲೇಬೇಕು. ಆದರೆ ಅದರ ಜೊತೆಗೆ, ನಾವು ಬಿಟ್ಟರೆ ಯಾರಿಗಾದರೂ ತಿಳಿಯುವಂಥ ಒಂದು ಹಗ್ಗವಾದರೂ ಪ್ರತಿಯೊಬ್ಬರಿಗೂ ಬೇಕು. ವಾರಕ್ಕೊಮ್ಮೆ ಪಕ್ಕದ ಮನೆಯ ಅಜ್ಜಿಯ ಔಷಧಿ ತಂದುಕೊಡುವ ಕೆಲಸವಾದರೂ ಸರಿ, ಊರ ಕೆರೆಯ ಹೂಳೆತ್ತುವುದಾದರೂ ಸರಿ.

ನಮ್ಮ ಕೇರಿಯಲ್ಲಿ ಒಬ್ಬ ಹಿರಿಯರಿದ್ದರು. ತೋಳಲ್ಲಿ ಬಲ ಉಳಿದಿರಲಿಲ್ಲ. ಆದರೂ ರಂಪಣಿ ಎಳೆಯುವ ದಿನ ತಪ್ಪದೆ ಬಂದು, ಸಾಲಿನ ಕಟ್ಟಕಡೆಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮೇಲೆ ಬಂದ ಒದ್ದೆ ಹಗ್ಗವನ್ನು ಮರಳು ಕೊಡವಿ, ಸಿಕ್ಕಾಗದಂತೆ ಸುರುಳಿ ಸುತ್ತುವುದು ಅವರ ಕೆಲಸ. ಒಂದು ದಿನ ಜ್ವರ ಬಂದು ಅವರು ಬರಲಿಲ್ಲ. ಎಳೆಯುತ್ತಾ ಹಿಂದೆ ಸರಿದವರ ಕಾಲಿಗೆ ಹಗ್ಗ ತೊಡರಿತು. ಸಾಲಿನ ಅಷ್ಟೂ ಜನ ಒಟ್ಟಿಗೇ ಹಿಂತಿರುಗಿ ಆ ಖಾಲಿ ಜಾಗವನ್ನು ನೋಡಿದರು. ಅವತ್ತು ಮೊದಲ ಪಾಲು ಅವರ ಮನೆಗೆ ಹೋಯಿತು.