ಲಿವರ್ ‘ಪಿ’ಯಲ್ಲಿದೆ ಸರಿ, ಗೇರ್ ಎಲ್ಲಿದೆ? ಹಳೆಯ ಆಟೋಮ್ಯಾಟಿಕ್ ಕಾರಿನ ಸೆಲೆಕ್ಟರ್ ರಿಪೇರಿ ಟಿಪ್ಪಣಿ

ನಿನ್ನೆ ಮಧ್ಯಾಹ್ನ ಪೂರ್ತಿ ಕಾರಿನ ಕೆಳಗೆ ಮಲಗಿ ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಾರು ಹಳೆಯದು, ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವಂಥದ್ದು. ಲಿವರಿನ ಮನೆಗಳು ಸಾಲಾಗಿ ‘ಪಿ’ (ಪಾರ್ಕ್), ‘ಆರ್’ (ರಿವರ್ಸ್), ‘ಎನ್’ (ನ್ಯೂಟ್ರಲ್), ‘ಡಿ’ (ಡ್ರೈವ್), ‘2’, ‘ಎಲ್’ (ಲೋ). ಲಿವರ್ ‘ಪಿ’ಗೆ ಹಾಕಿದರೂ ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತಿರಲಿಲ್ಲ. ಲಿವರನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒತ್ತಿ ಹಿಡಿದು ಕೀ ತಿರುಗಿಸಿದರೆ ಆಗುತ್ತಿತ್ತು. ಮೀಟರಿನಲ್ಲಿ ‘ಪಿ’ ದೀಪವೂ ಹಾಗೇ, ಒಮ್ಮೆ ಉಂಟು, ಒಮ್ಮೆ ಇಲ್ಲ.

ಮೊದಲು ತಲೆಯಲ್ಲಿ ಕೂರಬೇಕಾದದ್ದು ಇದು. ಲಿವರ್ ಗೇರನ್ನು ಬದಲಿಸುವುದಿಲ್ಲ. ಅದು ಒಂದು ಕೇಬಲನ್ನು ಎಳೆಯುತ್ತದೆ. ಕೇಬಲ್ ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಸಣ್ಣ ತೋಳನ್ನು ತಿರುಗಿಸುತ್ತದೆ. ಆ ತೋಳಿನ ಶಾಫ್ಟ್ ಒಳಗೆ ಹೋಗಿ ಎಣ್ಣೆಯ ದಾರಿ ಬದಲಿಸುವ ವಾಲ್ವನ್ನು ಸರಿಸುತ್ತದೆ, ‘ಪಿ’ಯಲ್ಲಿ ಲಾಕ್ ಹಾಕುವ ಕೊಕ್ಕೆಯನ್ನೂ ನೂಕುತ್ತದೆ. ಅದೇ ಶಾಫ್ಟಿನ ಮೇಲೆ ಹೊರಗಡೆ ಒಂದು ಸ್ವಿಚ್ ಕೂತಿರುತ್ತದೆ. ಮೀಟರಿನ ದೀಪ, ರಿವರ್ಸ್ ಲೈಟ್, ಸ್ಟಾರ್ಟರಿಗೆ ಅನುಮತಿ ಎಲ್ಲವೂ ಆ ಸ್ವಿಚ್ಚಿನಿಂದಲೇ.

ಅಂದರೆ ‘ಪಿ’ ಅನ್ನುವುದು ಮೂರು ಕಡೆ ಇದೆ: ಕೈಯಲ್ಲಿರುವ ಲಿವರಿನಲ್ಲಿ, ಗೇರ್‌ಬಾಕ್ಸಿನ ತೋಳಿನಲ್ಲಿ, ಸ್ವಿಚ್ಚಿನಲ್ಲಿ. ಮೂರೂ ಒಂದೇ ಮಾತು ಹೇಳಬೇಕು. ಹೇಳದಿದ್ದಾಗ ನಂಬಬೇಕಾದದ್ದು ತೋಳನ್ನು. ಕಾರು ನಿಲ್ಲುವುದೂ ಓಡುವುದೂ ಅದು ಹೇಳಿದಂತೆ.

ಲಿವರ್ ‘ಪಿ’ಯಿಂದ ಅಲ್ಲಾಡದಿದ್ದರೆ

ಇದು ನನ್ನ ತೊಂದರೆಯಲ್ಲ, ಆದರೂ ಒಂದು ಮಾತು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಉರಿಯುತ್ತದಾ ನೋಡಿ. ಲಿವರ್ ಲಾಕ್ ಬಿಡಿಸುವ ಸಂಕೇತ ಸಾಮಾನ್ಯವಾಗಿ ಬ್ರೇಕ್ ಲೈಟ್ ಸ್ವಿಚ್ಚಿನಿಂದಲೇ ಬರುತ್ತದೆ. ದೀಪವೂ ಇಲ್ಲ, ಲಿವರೂ ಇಲ್ಲ ಅಂದರೆ ಫ್ಯೂಸ್ ಅಥವಾ ಆ ಸ್ವಿಚ್ ನೋಡಿ, ಸುಮ್ನೆ ಲಿವರ್ ಸುತ್ತಲಿನ ಕನ್ಸೋಲ್ ಬಿಚ್ಚಬೇಡಿ. ತುರ್ತಿಗೆ ಹಲವು ಕಾರುಗಳಲ್ಲಿ ಲಿವರ್ ಪಕ್ಕ ಸಣ್ಣ ಮುಚ್ಚಳ ಇರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಒತ್ತಿಕೊಂಡೇ, ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ಲಿವರ್ ಬಿಡುತ್ತದೆ.

ಬುಷ್

ಕೇಬಲ್ ತೋಳಿಗೆ ಸೇರುವ ತುದಿಯಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ಬುಷ್, ಅಂದರೆ ಸಂದು ತುಂಬುವ ಸಣ್ಣ ಬಳೆ, ಇರುತ್ತದೆ. ಬಿಸಿಗೆ ಒಣಗಿ ಪುಡಿಯಾಗುತ್ತದೆ. ಪೂರ್ತಿ ಹೋದರೆ ಕೇಬಲ್ ಕಳಚಿ ಬೀಳುತ್ತದೆ, ಲಿವರ್ ಬೆಣ್ಣೆಯ ಹಾಗೆ ಆಡುತ್ತದೆ, ಗೇರ್ ಮಾತ್ರ ಇದ್ದಲ್ಲೇ. ನನ್ನದು ಅರ್ಧ ಹೋಗಿತ್ತು. ಯಾರೋ ಹಿಂದೆ ಆ ಸಡಿಲವನ್ನು ಮುಚ್ಚಲು ಕೇಬಲ್ ನಟ್ಟನ್ನು ಸರಿಸಿದ್ದರು. ಬುಷ್ ಬದಲಿಸದೆ ಕೇಬಲ್ ಹೊಂದಿಸುವುದು ದಂಡ. ಇವತ್ತು ಸರಿ ಅನಿಸಿದ್ದು ನಾಳೆ ಮತ್ತೆ ತಪ್ಪುತ್ತದೆ. ನಾನು ಮೊದಲು ಬುಷ್ ಬದಲಿಸಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಕೇಬಲ್ ಹೊಂದಿಸುವುದು, ನಾನು ಮುಗ್ಗರಿಸಿದ್ದು

ಕಾರು ಸಮತಟ್ಟಾದ ನೆಲದಲ್ಲಿರಲಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ, ಮುಂಭಾಗ ಸ್ಟ್ಯಾಂಡ್ ಮೇಲೆ. ಜಾಕಿಯೊಂದನ್ನೇ ನಂಬಿ ಕೆಳಗೆ ಹೋಗಬೇಡಿ. ‘ಪಿ’ಯ ಲಾಕನ್ನೂ ನಂಬಬೇಡಿ, ನೀವು ಬಿಚ್ಚುತ್ತಿರುವುದೇ ಅದನ್ನು.

ವಿಧಾನ ಕೇಳಲು ಸುಲಭ. ಒಳಗೆ ಲಿವರನ್ನು ‘ಎನ್’ಗೆ ಇಡಿ. ಕೆಳಗೆ ಕೇಬಲ್ ನಟ್ ಸಡಿಲ ಮಾಡಿ. ತೋಳನ್ನು ‘ಪಿ’ ತುದಿಯವರೆಗೆ ತಳ್ಳಿ, ಅಲ್ಲಿಂದ ಎರಡು ಕ್ಲಿಕ್ ವಾಪಸ್ ತನ್ನಿ. ಒಂದನೆಯದು ‘ಆರ್’, ಎರಡನೆಯದು ‘ಎನ್’. ಎಳೆತ ಇಲ್ಲದ ಹಾಗೆ ಕೇಬಲ್ ಬಿಟ್ಟು ನಟ್ ಬಿಗಿ ಮಾಡಿ. ಕೆಲವು ಕಾರುಗಳಲ್ಲಿ ‘ಪಿ’ಯಲ್ಲೇ ಹೊಂದಿಸಬೇಕು, ನಿಮ್ಮ ಕಾರಿನ ಮ್ಯಾನುಯಲ್ ನೋಡಿಕೊಳ್ಳಿ.

ನನಗೆ ತೊಡಕಾದದ್ದು ‘ಪಿ ತುದಿ’ ಅನ್ನುವ ಎರಡು ಪದದಲ್ಲಿ. ತೋಳಿಗೆ ಎರಡು ತುದಿ ಇವೆ. ಒಂದು ‘ಪಿ’, ಇನ್ನೊಂದು ‘ಎಲ್’. ಕೈಗೆ ಎರಡೂ ಒಂದೇ ಥರ. ಯಾವುದು ಯಾವುದೆಂದು ತಿಳಿಯಲು ಜಾಣತನ ಮಾಡಿದೆ: ತೋಳನ್ನು ಒಂದು ತುದಿಗೆ ತಳ್ಳಿ, ಎಡಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ‘ಪಿ’ ಆಗಿದ್ದರೆ ಚಕ್ರ ಕದಲಬಾರದು, ಅಲ್ವಾ? ಅದು ಸಲೀಸಾಗಿ ತಿರುಗಿತು. ಹಾಗಾದರೆ ಇದು ‘ಎಲ್’ ಅಂದುಕೊಂಡು ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ಎರಡು ಕ್ಲಿಕ್ ಎಣಿಸಿ ನಟ್ ಬಿಗಿ ಮಾಡಿದೆ.

ಮೊದಲನೆಯದೇ ‘ಪಿ’ ಆಗಿತ್ತು. ಎಡಚಕ್ರ ತಿರುಗುವಾಗ ಬಲಚಕ್ರ ಉಲ್ಟಾ ತಿರುಗುತ್ತಿತ್ತು, ನಾನು ಆ ಕಡೆ ನೋಡಲೇ ಇಲ್ಲ. ‘ಪಿ’ಯ ಕೊಕ್ಕೆ ಚಕ್ರಗಳನ್ನು ನೇರವಾಗಿ ಹಿಡಿಯುವುದಿಲ್ಲ. ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲಿಗೆ ತಿರುಗುಬಲ ಕೊಡುವ ಗೇರನ್ನು ಹಿಡಿಯುತ್ತದೆ. ಡಿಫರೆನ್ಷಿಯಲಿನ ಡಬ್ಬಿ ನಿಂತರೂ ಒಳಗಿನ ಸಣ್ಣ ಗೇರುಗಳಿಗೆ ತಿರುಗಲು ಜಾಗವಿದೆ. ಒಂದು ಚಕ್ರ ಮುಂದಕ್ಕೆ ಹೋದಷ್ಟು ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದಾಗ ಹಾಗೆ ತಿರುಗಲಾರವು, ಅದಕ್ಕೇ ಕಾರು ನಿಲ್ಲುತ್ತದೆ.

ಸರಿಯಾದ ಪರೀಕ್ಷೆ ಹೀಗೆ. ಒಬ್ಬರು ಬಲಚಕ್ರವನ್ನು ಗಟ್ಟಿಯಾಗಿ ಹಿಡಿಯಲಿ, ನೀವು ಎಡಚಕ್ರ ತಿರುಗಿಸಿ. ‘ಪಿ’ಯಲ್ಲಿ ಸ್ವಲ್ಪ ಅಲ್ಲಾಡಿ ಟಕ್ ಎಂದು ನಿಲ್ಲುತ್ತದೆ. ‘ಎನ್’ನಲ್ಲಿ ತಿರುಗುತ್ತದೆ. ಉಲ್ಟಾ ತಿರುಗಿತಾ ಎಂದಷ್ಟೇ ನೋಡಿದರೆ ಸಾಲದು, ‘ಎನ್’ನಲ್ಲೂ ಕೆಲವೊಮ್ಮೆ ಉಲ್ಟಾ ತಿರುಗುತ್ತದೆ. ಹಿಡಿದು ನೋಡುವುದೇ ದಾರಿ.

ನನ್ನ ತಪ್ಪು ಸಿಕ್ಕಿಬಿದ್ದದ್ದು ದೀಪದಿಂದ. ‘ಎಲ್’ನಿಂದ ಎರಡು ಕ್ಲಿಕ್ ಹಿಂದೆ ಬಂದರೆ ‘2’, ಆಮೇಲೆ ‘ಡಿ’. ಲಿವರ್ ‘ಎನ್’ನಲ್ಲಿ, ತೋಳು ‘ಡಿ’ಯಲ್ಲಿ, ಪೂರ್ತಿ ಒಂದು ಮನೆ ಆಚೆ. ಹಾಗಾಗಿ ಲಿವರನ್ನು ‘ಪಿ’ಗೆ ಹಾಕಿ ಕೀ ಆನ್ ಮಾಡಿದಾಗ ಹಿಂದೆ ಬಿಳಿ ರಿವರ್ಸ್ ಲೈಟ್ ಉರಿಯಿತು. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ನೋಡಿದ್ದು ನನ್ನ ಪುಣ್ಯ. ಈಗ ಅದನ್ನೇ ಶಾರ್ಟ್‌ಕಟ್ ಮಾಡಿಕೊಂಡಿದ್ದೇನೆ: ಕೀ ಆನ್, ಎಂಜಿನ್ ಆಫ್, ಒಬ್ಬರು ಹಿಂದೆ ನಿಂತು ನೋಡಲಿ. ತೋಳನ್ನು ಒಂದು ತುದಿಯಿಂದ ಒಂದೇ ಕ್ಲಿಕ್ ತಂದಾಗ ಬಿಳಿ ದೀಪ ಬಂದರೆ ಅದೇ ‘ಪಿ’ ತುದಿ. ಸ್ವಿಚ್ ಸರಿಯಿದ್ದರೆ ಮಾತ್ರ ಇದನ್ನು ನಂಬಬಹುದು. ಅನುಮಾನವಿದ್ದರೆ ಚಕ್ರ ಹಿಡಿಯಿರಿ.

ಸ್ವಿಚ್ ಕೊನೆಗೆ

ಕೇಬಲ್ ಸರಿಯಾದ ಮೇಲೆಯೇ ಸ್ವಿಚ್ ಮುಟ್ಟಿ. ತೋಳು ‘ಎನ್’ನಲ್ಲಿರುವಾಗ ಸ್ವಿಚ್ಚಿನ ಬೋಲ್ಟ್ ಸಡಿಲಿಸಿ, ಗುರುತುಗಳನ್ನು ಸೇರಿಸಿ ಬಿಗಿ ಮಾಡುವುದು. ಕೆಲವದರಲ್ಲಿ ಗೆರೆ, ಕೆಲವದರಲ್ಲಿ ಪಿನ್ ತೂರಿಸುವ ತೂತು. ನನ್ನದರಲ್ಲಿ ಗೆರೆಗಳು ಮೊದಲೇ ಕೂಡಿದ್ದವು, ಹಾಗೇ ಬಿಟ್ಟೆ.

ಆಮೇಲೆ ಕಾರು ಇಳಿಸಿ, ಬ್ರೇಕ್ ಒತ್ತಿಕೊಂಡೇ ಪ್ರತಿ ಮನೆಯಲ್ಲೂ ಕೀ ತಿರುಗಿಸಿ ನೋಡಿದೆ. ‘ಪಿ’, ‘ಎನ್’ ಎರಡರಲ್ಲಿ ಮಾತ್ರ ಸ್ಟಾರ್ಟ್ ಆಯಿತು. ‘ಆರ್’ನಲ್ಲಿ ಮಾತ್ರ ಬಿಳಿ ದೀಪ. ಸಣ್ಣ ಇಳಿಜಾರಿನಲ್ಲಿ ‘ಪಿ’ಗೆ ಹಾಕಿ ಬ್ರೇಕನ್ನು ನಿಧಾನವಾಗಿ ಬಿಟ್ಟೆ. ಕಾರು ಒಂದೆರಡು ಬೆರಳಿನಷ್ಟು ಜಾರಿ ಟಕ್ ಎಂದು ನಿಂತಿತು. ಲಿವರನ್ನು ಒತ್ತಿ ಹಿಡಿಯುವ ಅಭ್ಯಾಸ ಮಾತ್ರ ಕೈಗೆ ಇನ್ನೂ ಹೋಗಿಲ್ಲ.