ಹಿಂಸಾ ಅಪರಾಧದ ನಂತರದ ಮುಖಾಮುಖಿ: ಪುನಃಸ್ಥಾಪನಾ ನ್ಯಾಯ ಮತ್ತು ಕ್ಷಮೆ

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಪರೀಕ್ಷೆಗೆ ಈ ವಿಷಯ ಓದುವವರ ಉತ್ತರಪತ್ರಿಕೆ ಕೆಡುವುದೂ ಇಲ್ಲೇ, ಪೆಟ್ಟು ತಿಂದವರು ಅಪರಾಧಿಯ ಎದುರು ಕೂತು ಮಾತಾಡುವ ನಿಜವಾದ ಭೇಟಿ ಕೆಡುವುದೂ ಇಲ್ಲೇ. ರಾಜಿ ಎಂದರೆ ಎರಡೂ ಕಡೆಯವರು ಅಷ್ಟಿಷ್ಟು ಬಿಟ್ಟುಕೊಟ್ಟು ಕೇಸು ಮುಗಿಸುವುದು. ಕ್ಷಮಾದಾನ ಎಂದರೆ ಸರ್ಕಾರ ಶಿಕ್ಷೆಯನ್ನು ಮನ್ನಾ ಮಾಡುವುದು ಅಥವಾ ತಗ್ಗಿಸುವುದು. ಕ್ಷಮೆ ಪೆಟ್ಟು ತಿಂದವರ ಮನಸ್ಸಿನೊಳಗಿನ ಸಂಗತಿ, ಅದು ಆಗಬಹುದು, ಆಗದೆಯೂ ಇರಬಹುದು. ರೆಸ್ಟೊರೇಟಿವ್ ಜಸ್ಟಿಸ್, ನಾವು ಪುನಃಸ್ಥಾಪನಾ ನ್ಯಾಯ ಎನ್ನುವುದು, ಈ ಮೂರರಲ್ಲಿ ಯಾವುದೂ ಅಲ್ಲ. ಅದು ಮೂರು ಪ್ರಶ್ನೆಗಳ ಸುತ್ತ ಕಟ್ಟಿದ ಒಂದು ಕ್ರಮ: ಯಾರಿಗೆ ಏನು ಹಾನಿಯಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಪೂರೈಸುವ ಹೊಣೆ ಯಾರದು.

ಕೋರ್ಟು ಕೇಳುವ ಪ್ರಶ್ನೆಗಳು ಬೇರೆ. ಯಾವ ಕಾನೂನು ಮುರಿಯಿತು, ಮುರಿದವರು ಯಾರು, ಶಿಕ್ಷೆ ಎಷ್ಟು. ಹಲ್ಲೆಗೊಳಗಾದವರು ಅಲ್ಲಿ ಬರೀ ಸಾಕ್ಷಿ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕಟಕಟೆ ಇಳಿಯಬೇಕು. ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲಿ ಎತ್ತಿದ ತಕರಾರು ಇದೇ. ಸಂಘರ್ಷವೆಂಬುದು ಅದರಲ್ಲಿ ಸಿಕ್ಕಿಕೊಂಡವರ ಸ್ವತ್ತು, ಅದನ್ನು ಸರ್ಕಾರವೂ ವಕೀಲರೂ ಕಸಿದುಕೊಂಡಿದ್ದಾರೆ ಎಂದರು ಅವರು. ‘ನಮ್ಮ ಮಗ ಕೊನೆಗೆ ಏನಾದರೂ ಹೇಳಿದನಾ?’ ‘ಅಷ್ಟು ಮನೆಗಳಿರುವಾಗ ನಮ್ಮ ಮನೆಯೇ ಯಾಕೆ?’ ಇಂಥ ಪ್ರಶ್ನೆಗೆ ತೀರ್ಪಿನ ಪ್ರತಿಯಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ಗೊತ್ತಿರುವವನು ಒಬ್ಬನೇ, ಅವನು ಜೈಲಿನಲ್ಲಿದ್ದಾನೆ.

ಇತಿಹಾಸ ಚಿಕ್ಕದಾಗಿ ಸಾಕು. 1974ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾದಲ್ಲಿ ಇಬ್ಬರು ಹುಡುಗರು 22 ಕಡೆ ಆಸ್ತಿ ಹಾಳು ಮಾಡಿದ್ದರು. ಪ್ರೊಬೇಷನ್, ಅಂದರೆ ತಪ್ಪಿತಸ್ಥರನ್ನು ಜೈಲಿನ ಹೊರಗೆ ನಿಗಾದಲ್ಲಿಡುವ ವ್ಯವಸ್ಥೆಯ, ಅಧಿಕಾರಿಯ ಸಲಹೆಯಂತೆ ಅವರನ್ನು ನಷ್ಟವಾದವರ ಬಾಗಿಲಿಗೇ ಕಳಿಸಿದ್ದು ಆಧುನಿಕ ಪ್ರಯೋಗದ ಆರಂಭ ಎನ್ನುತ್ತಾರೆ. 1989ರಲ್ಲಿ ನ್ಯೂಜಿಲೆಂಡ್ ಬಾಲಾಪರಾಧ ಪ್ರಕರಣಗಳಿಗೆ ಕುಟುಂಬ ಸಭೆಯನ್ನು (ತಪ್ಪು ಮಾಡಿದವರು, ಅವರ ಮನೆಯವರು, ಸಂತ್ರಸ್ತರು ಒಟ್ಟಿಗೆ ಕೂತು ಮುಂದೇನು ಎಂದು ಮಾತಾಡುವುದು) ಕಾನೂನಾಗಿಯೇ ತಂದಿತು, ಆದರೆ ಕೊಲೆ ಮತ್ತು ನರಹತ್ಯೆಯನ್ನು ಅದರಿಂದ ಹೊರಗಿಟ್ಟಿತು. ಘೋರ ಹಿಂಸೆಗೆಂದೇ ಅಮೆರಿಕದ ಟೆಕ್ಸಾಸ್ ರಾಜ್ಯದ ಕಾರಾಗೃಹ ಇಲಾಖೆ 1993ರಲ್ಲಿ ಸಂತ್ರಸ್ತರು ಮತ್ತು ಅಪರಾಧಿಯ ನಡುವಿನ ಸಂವಾದ ಕಾರ್ಯಕ್ರಮ ಆರಂಭಿಸಿತು. ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು ಈ ಮೂರನೆಯದು.

ತಯಾರಿಯೇ ಮುಕ್ಕಾಲು ಕೆಲಸ

ಘೋರ ಹಿಂಸೆಯ ಪ್ರಕರಣಗಳಲ್ಲಿ ಮೊದಲ ಹೆಜ್ಜೆ ಸಂತ್ರಸ್ತರ ಕಡೆಯಿಂದ ಬರಬೇಕು. ಕಾರಣ ಸರಳ. ಐದು ವರ್ಷ ಕಳೆದು ಹೇಗೋ ನಿದ್ದೆ ಹತ್ತತೊಡಗಿದಾಗ ಅಪರಾಧಿಯ ಪತ್ರ ಮನೆಗೆ ಬಂದರೆ ಅದು ಎರಡನೇ ಹಲ್ಲೆ. ಅಪರಾಧಿ ತಾನಾಗಿ ಪತ್ರ ಬರೆದರೂ ಅದನ್ನು ಕಾರ್ಯಕ್ರಮದವರು ಇಟ್ಟುಕೊಳ್ಳುತ್ತಾರೆ. ಸಂತ್ರಸ್ತರು ಕೇಳಿದರೆ ಮಾತ್ರ ಕೊಡುತ್ತಾರೆ.

ಅಪರಾಧಿಗೆ ಎರಡು ಷರತ್ತು. ಕೃತ್ಯವನ್ನು ಒಪ್ಪಿಕೊಂಡಿರಬೇಕು, ಮತ್ತು ಇದರಿಂದ ಪೆರೋಲ್ ಆಗಲಿ ಶಿಕ್ಷೆ ಕಡಿತವಾಗಲಿ ಸಿಗದು ಎಂದು ತಿಳಿದೂ ಬರಬೇಕು. ಲಾಭದ ವಾಸನೆ ಇದ್ದಲ್ಲಿ ಪಶ್ಚಾತ್ತಾಪ ನಿಜವೋ ನಟನೆಯೋ ಎಂದು ಯಾರಿಗೂ ಹೇಳಲಾಗದು. ಎರಡನೆಯ ಷರತ್ತು ಶಿಕ್ಷೆಯಾದ ನಂತರದ ಭೇಟಿಗೆ ಮಾತ್ರ. ತೀರ್ಪಿಗೆ ಮುಂಚೆ ನಡೆಯುವ ಸಭೆಯ ಲೆಕ್ಕವೇ ಬೇರೆ. ಅಲ್ಲಿ ಭಾಗವಹಿಸಿದ್ದನ್ನೇ ಮುಂದಿನ ವಿಚಾರಣೆಯಲ್ಲಿ ತಪ್ಪೊಪ್ಪಿಗೆಯ ಸಾಕ್ಷ್ಯವಾಗಿ ಬಳಸಬಾರದು ಎನ್ನುತ್ತವೆ ವಿಶ್ವಸಂಸ್ಥೆಯ 2002ರ ಮೂಲತತ್ವಗಳು.

ನಂತರ ಫೆಸಿಲಿಟೇಟರ್, ಅಂದರೆ ಸಂವಾದ ನಡೆಸಿಕೊಡುವವರು, ಇಬ್ಬರನ್ನೂ ಬೇರೆ ಬೇರೆಯಾಗಿ ಹಲವು ಸಲ ಭೇಟಿ ಮಾಡುತ್ತಾರೆ. ತಿಂಗಳುಗಳು ಹಿಡಿಯುತ್ತವೆ. ಸಂತ್ರಸ್ತರ ಜೊತೆ ಆಡುವ ಮಾತು ‘ಏನು ಕೇಳಬೇಕು’ ಎಂಬಲ್ಲಿಗೆ ನಿಲ್ಲಬಾರದು. ಅವನು ‘ನೆನಪಿಲ್ಲ’ ಎಂದರೆ? ಅಳದೆ ಕಲ್ಲಿನಂತೆ ಕೂತರೆ? ಗೊತ್ತಿಲ್ಲದ ಭಯಾನಕ ವಿವರ ಹೊರಬಿದ್ದರೆ? ಕೋಣೆಯೊಳಗೆ ದಿಢೀರ್ ಆಘಾತ ಕೂಡದು ಎಂಬುದು ನಿಯಮ. ಫೆಸಿಲಿಟೇಟರ್ ತೀರ್ಪನ್ನೂ ಮರಣೋತ್ತರ ಪರೀಕ್ಷೆಯ ವರದಿಯನ್ನೂ ಓದಿಕೊಂಡಿರಬೇಕು. ಇಲ್ಲದಿದ್ದರೆ ಅಪರಾಧಿ ಎಲ್ಲಿ ವಿವರ ನುಂಗುತ್ತಿದ್ದಾನೆ ಎಂಬುದು ಅವರಿಗೇ ತಿಳಿಯುವುದಿಲ್ಲ.

ಅಪರಾಧಿಯ ತಯಾರಿ ಬಹುಪಾಲು ವ್ಯಾಕರಣದ ಪಾಠ. ತಮಾಷೆಗೆ ಹೇಳುತ್ತಿಲ್ಲ. ಮೊದಲ ಭೇಟಿಯಲ್ಲಿ ಬರುವ ಮಾತು ಹೀಗಿರುತ್ತದೆ: ‘ಜಗಳ ಆಯ್ತು, ಚಾಕು ತಗುಲಿತು, ಅವರು ತೀರಿಹೋದರು.’ ಮೂರು ಕ್ರಿಯಾಪದ, ಒಂದರಲ್ಲೂ ಮಾಡಿದವನಿಲ್ಲ. ಕನ್ನಡದಲ್ಲಿ ಹೀಗೆ ತಪ್ಪಿಸಿಕೊಳ್ಳುವುದು ಬಹಳ ಸುಲಭ. ‘ಚಾಕು ಮನೆಯಿಂದಲೇ ತಂದಿದ್ದೆ. ನಾನೇ ಇರಿದೆ. ಎರಡು ಸಲ ಇರಿದೆ’ ಎಂಬಲ್ಲಿಗೆ ಬರಲು ನಾಲ್ಕೈದು ಭೇಟಿ ಬೇಕಾಗಬಹುದು. ‘ಆದರೆ’ ಎಂಬ ಪದದ ಮೇಲೂ ಕಣ್ಣಿಡಿ: ‘ತಪ್ಪು ಮಾಡಿದೆ, ಆದರೆ ಕುಡಿದಿದ್ದೆ’ ಎಂದ ಕೂಡಲೇ ಮೊದಲರ್ಧ ಬಿದ್ದುಹೋಗುತ್ತದೆ.

‘ನನ್ನನ್ನು ಕ್ಷಮಿಸಿಬಿಡಿ’ ಎಂಬುದನ್ನೂ ಬಿಡಿಸಬೇಕು. ಕೇಳಲು ವಿನಯ, ಒಳಗಿರುವುದು ಬೇಡಿಕೆ. ಇನ್ನೊಬ್ಬರ ಮಗನನ್ನು ಕೊಂದವನು ತನ್ನ ಹಗುರಕ್ಕಾಗಿ ಅವರಿಂದ ಮತ್ತೊಂದು ಕೆಲಸ ಕೇಳುತ್ತಿದ್ದಾನೆ. ‘ನಾನು ಮಾಡಿದ್ದು ಇದು, ಇದಕ್ಕೆ ಹೊಣೆ ನಾನೇ’ ಎಂದಷ್ಟೇ ಹೇಳಿದರೆ ಎದುರಿನವರ ಮೇಲೆ ಏನನ್ನೂ ಹೇರಿದಂತಾಗದು.

ಭೇಟಿಯ ದಿನ

ಸಂತ್ರಸ್ತರು ಮೊದಲು ಬಂದು ತಮ್ಮ ಕುರ್ಚಿ ತಾವೇ ಆರಿಸಿಕೊಳ್ಳಲಿ, ಬಾಗಿಲಿಗೆ ಹತ್ತಿರವಾದದ್ದು ಒಳ್ಳೆಯದು. ಅಪರಾಧಿ ಬೇರೆ ದಾರಿಯಿಂದ ಬರಬೇಕು, ಜೈಲಿನ ಕಾರಿಡಾರಿನಲ್ಲಿ ಇಬ್ಬರೂ ಎದುರಾದರೆ ತಿಂಗಳುಗಳ ತಯಾರಿ ನೀರುಪಾಲು. ಬೇಡಿ ಹಾಕಿರುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ತಿಳಿಸಿರಬೇಕು. ಮೇಜಿನ ಮೇಲೆ ನೀರು, ಟಿಶ್ಯೂ. ಮೊದಲು ಮಾತಾಡುವವರು ಯಾರು ಎಂಬುದು ಸಂತ್ರಸ್ತರ ಆಯ್ಕೆ. ಎರಡು ಗಂಟೆಯಲ್ಲಿ ಮುಗಿಯಬಹುದು, ಇಡೀ ದಿನ ಬೇಕಾಗಲೂಬಹುದು. ಹೊಸ ಫೆಸಿಲಿಟೇಟರ್‌ಗಳು ಮಾಡುವ ದೊಡ್ಡ ತಪ್ಪು ಮೌನವನ್ನು ತುಂಬುವುದು. ಯಾರೂ ಮಾತಾಡದ ಒಂದು ನಿಮಿಷ ಬಹಳ ದೀರ್ಘ ಅನ್ನಿಸುತ್ತದೆ, ಆದರೂ ತಡೆದುಕೊಳ್ಳಬೇಕು. ಮುಖ್ಯವಾದ ಮಾತು ಎಷ್ಟೋ ಸಲ ಅದರ ಬೆನ್ನಿಗೇ ಬರುತ್ತದೆ.

ಮುಖಾಮುಖಿ ಬೇಡ ಎಂದವರಿಗೆ ಪತ್ರ, ವಿಡಿಯೊ, ಅಥವಾ ಫೆಸಿಲಿಟೇಟರ್ ಮೂಲಕ ಪ್ರಶ್ನೋತ್ತರ ಇದ್ದೇ ಇದೆ.

ಕ್ಷಮೆ ಎಲ್ಲಿ ಬರುತ್ತದೆ?

ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ ಕ್ಷಮೆಯಲ್ಲಿ ಎರಡು ಬಗೆ ಗುರುತಿಸುತ್ತಾರೆ: ಸೇಡು ಬಿಡುತ್ತೇನೆಂಬ ನಿರ್ಧಾರ ಒಂದು, ಒಳಗಿನ ಕಹಿ ಕರಗುವುದು ಇನ್ನೊಂದು. ಮೊದಲನೆಯದು ಒಂದೇ ದಿನದಲ್ಲಿ ಆಗಬಹುದು, ಎರಡನೆಯದಕ್ಕೆ ವರ್ಷಗಳು ಬೇಕಾಗಬಹುದು. ರಾಬರ್ಟ್ ಎನ್‌ರೈಟ್ ಅವರ ಮಾದರಿಯಲ್ಲಿ ನಾಲ್ಕು ಹಂತಗಳಿವೆ, ಮೊದಲನೆಯದೇ ಸಿಟ್ಟನ್ನು ಬಚ್ಚಿಡದೆ ಹೊರತೆಗೆದು ನೋಡುವುದು. ಸಿಟ್ಟನ್ನು ದಾಟಿಸಿ ನೇರ ಕ್ಷಮೆಗೆ ತಳ್ಳುವ ಬಂಧುಗಳೂ ಧರ್ಮಗುರುಗಳೂ ಕೆಡಿಸುವುದು ಈ ಹಂತವನ್ನೇ.

ಕ್ಷಮೆ ಮತ್ತು ಶಿಕ್ಷೆ ಒಟ್ಟಿಗೆ ಇರಬಲ್ಲವು. ಅಮೆರಿಕದ ಫ್ಲಾರಿಡಾದಲ್ಲಿ 2010ರಲ್ಲಿ ಪ್ರೇಯಸಿಯನ್ನು ಗುಂಡಿಟ್ಟು ಕೊಂದ ಯುವಕನನ್ನು ಅವಳ ತಂದೆತಾಯಿ ಕ್ಷಮಿಸಿದರು, ಜೈಲಿನಲ್ಲೇ ಸಭೆ ನಡೆಯಿತು, ಆದರೂ ಅವನಿಗೆ 20 ವರ್ಷ ಸೆರೆ ಮತ್ತು 10 ವರ್ಷ ಪ್ರೊಬೇಷನ್ ಆಯಿತು. ಇದರ ತಿರುಗುಮುರುಗೂ ಉಂಟು. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ರಾಜಕೀಯ ಉದ್ದೇಶದ ಕೃತ್ಯವನ್ನು ಪೂರ್ತಿ ಬಯಲು ಮಾಡಿದವರಿಗೆ ಶಿಕ್ಷೆಯಿಂದ ವಿನಾಯಿತಿ ಸಿಗುತ್ತಿತ್ತು, ಪಶ್ಚಾತ್ತಾಪ ತೋರಿಸುವುದು ಷರತ್ತೇ ಆಗಿರಲಿಲ್ಲ. ಅದನ್ನು ‘ಕ್ಷಮೆಯ ಆಯೋಗ’ ಎಂದು ಬರೆಯುವವರು ಇದನ್ನು ಮರೆಯುತ್ತಾರೆ.

ಫಲಿತಾಂಶದ ಬಗ್ಗೆ ಬರೆಯುವಾಗ 2013ರ ಕ್ಯಾಂಪ್‌ಬೆಲ್ ವಿಮರ್ಶೆಯನ್ನು, ಅಂದರೆ ಈ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವನ್ನು, ಬಳಸಿ. 10 ಯಾದೃಚ್ಛಿಕ ಪ್ರಯೋಗಗಳು (ಯಾರು ಸಭೆಗೆ, ಯಾರು ಬರೀ ಕೋರ್ಟಿನ ದಾರಿಗೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸುವಂಥವು), 1,880 ಅಪರಾಧಿಗಳು, ಮರು ಅಪರಾಧದಲ್ಲಿ ಸಾಧಾರಣ ಇಳಿಕೆ. ಅದೂ ಆಸ್ತಿ ಅಪರಾಧಕ್ಕಿಂತ ಹಿಂಸಾ ಅಪರಾಧದಲ್ಲೇ ಹೆಚ್ಚು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಪ್ರಯೋಗದಲ್ಲಿ ಅವಕಾಶ ಸಿಕ್ಕರೆ ಅಪರಾಧಿಗೆ ಹಾನಿ ಮಾಡುತ್ತೇವೆ ಎಂದವರು ಕೋರ್ಟಿಗೆ ಹೋದ ಹಿಂಸಾ ಸಂತ್ರಸ್ತರಲ್ಲಿ 45%, ಸಭೆಗೆ ನಿಗದಿಯಾದವರಲ್ಲಿ 9%. ಒಂದು ಎಚ್ಚರಿಕೆ: ವಿಮರ್ಶೆಯ ಪ್ರಯೋಗಗಳಲ್ಲಿ ಇದ್ದವರು ಭೇಟಿಗೆ ಒಪ್ಪಿದವರು. ಒಪ್ಪದವರಿಗೆ ಈ ಅಂಕಿ ಅನ್ವಯಿಸಬೇಡಿ.

ಮನೆಯೊಳಗಿನ ಹಿಂಸೆಯಲ್ಲಿ ಅಪಾಯ ಬೇರೆಯದು. ಅಲ್ಲಿ ಹೆದರಿಕೆ ನಿಂತಿರುವುದಿಲ್ಲ. ಗಂಡ ಕೆಮ್ಮಿದ ರೀತಿಯಲ್ಲೇ ಹೆಂಡತಿಗೆ ಬೆದರಿಕೆ ಮುಟ್ಟಬಹುದು, ಎದುರು ಕೂತ ಫೆಸಿಲಿಟೇಟರ್‌ಗೆ ಅದು ಕೇಳಿಸುವುದೂ ಇಲ್ಲ. ಹೀಗಾಗಿ ಈ ಕ್ಷೇತ್ರದಲ್ಲಿ ತರಬೇತಿ ಇಲ್ಲದವರು ಇಂಥ ಪ್ರಕರಣ ಮುಟ್ಟಬಾರದು ಎಂಬ ವಾದ ಬಲವಾಗಿದೆ, ನಮಗೂ ಅದು ಸರಿಯೆನಿಸುತ್ತದೆ.

ಭೇಟಿ ಮುಗಿದ ಮೇಲೂ ಕೆಲಸವಿದೆ. ಒಂದೆರಡು ದಿನದಲ್ಲಿ ಇಬ್ಬರಿಗೂ ಫೋನು, ಕೆಲವು ವಾರಗಳ ನಂತರ ಮತ್ತೊಂದು ಭೇಟಿ. ಅಪರಾಧಿಯನ್ನೂ ಬಿಡಬಾರದು, ಸೆಲ್ಲಿಗೆ ವಾಪಸಾದ ಆ ರಾತ್ರಿ ಅವನ ಮೇಲೆ ನಿಗಾ ಇಡಲು ಜೈಲಿನವರಿಗೆ ಹೇಳಿರಬೇಕು. ಒಪ್ಪಂದವಾಗಿದ್ದರೆ ‘ಒಳ್ಳೆಯವನಾಗಿ ಬಾಳುತ್ತೇನೆ’ ಎಂದು ಬರೆಸಬೇಡಿ, ಅದನ್ನು ಅಳೆಯಲಾಗದು. ‘ಬಿಡುಗಡೆಯಾದ ಮೇಲೆ ಅವರಿರುವ ಬೀದಿಗೆ ಹೋಗುವುದಿಲ್ಲ, ಆಕಸ್ಮಿಕವಾಗಿ ಎದುರಾದರೆ ನಾನೇ ಪಕ್ಕಕ್ಕೆ ಸರಿಯುತ್ತೇನೆ’ ಎಂದು ಬರೆಸಿ, ಪ್ರತಿ ಯಾರ ಬಳಿ ಇರುತ್ತದೆ ಎಂಬುದನ್ನೂ ಅದರಲ್ಲೇ ನಮೂದಿಸಿ.